ನೇರಳೆಯ ಆಚೆ

ಚಿತ್ರದುರ್ಗದ ಪೇಟೆಯಲ್ಲಿ ಚರ್ಮವೈದ್ಯರೊಬ್ಬರ ಹೊರಕೋಣೆ. ಒಳಬಾಗಿಲಿನ ನೆತ್ತಿಯ ಮೇಲೆ ನೀಲಿ ಹಲಗೆ, ಅದರ ಮೇಲೆ ಬಿಳಿಯ ಅಕ್ಷರದಲ್ಲಿ ಮೂರು ಪದ: ನೇರಳಾತೀತ ಕಿರಣ ಚಿಕಿತ್ಸೆ. ಹೊಸದುರ್ಗದ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದಿದ್ದ ಅಜ್ಜಿಯೊಬ್ಬರು ಪಕ್ಕದ ಮೊಮ್ಮಗನ ತೋಳು ತಿವಿದು, "ಅದೇನ್ ಬರ್ದಾರೋ ಓದು" ಅಂದರು. ಆರೋ ಏಳೋ ತರಗತಿಯ ಹುಡುಗ. ಎಡಗಣ್ಣಿನ ಕೆಳಗೂ ಮೊಣಕೈಯಲ್ಲೂ ಬಿಳಿ ಮಚ್ಚೆ. ಒಂದೊಂದೇ ಅಕ್ಷರ ಕೂಡಿಸಿ ಓದಿದ: ನೇ, ರ, ಳಾ, ತೀ, ತ. ಅಜ್ಜಿ ಒಂದು ಗಳಿಗೆ ಸುಮ್ಮನಿದ್ದು ಕೇಳಿದರು: "ನೇರ್ಲಣ್ಣಿಗೂ ಈ ಲೈಟಿಗೂ ಏನ್ಲಾ ಸಂಬಂಧ?"

ಹುಡುಗ ನಕ್ಕ. ಕಾಂಪೌಂಡರ್ ಕೂಡ ನಕ್ಕ. ನನಗೆ ಮಾತ್ರ ನಗು ಬರಲಿಲ್ಲ. ಪದಗಳ ಹುಚ್ಚು ಹಿಡಿದ ನಮ್ಮಂಥವರು ವರ್ಷಗಟ್ಟಲೆ ಬಾಯಲ್ಲಿ ಆಡಿಸಿಕೊಂಡಿದ್ದರೂ ಕೇಳಿಕೊಳ್ಳದ ಪ್ರಶ್ನೆಯನ್ನು, ಓದು ಬಾರದ ಅಜ್ಜಿ ಹಲಗೆ ನೋಡಿದ ಅರೆನಿಮಿಷದಲ್ಲಿ ಕೇಳಿಬಿಟ್ಟಿದ್ದರು. ಶಬ್ದದ ಹೊಟ್ಟೆಯಲ್ಲಿ ಹಣ್ಣೊಂದು ಇರುವುದು ಅವರ ಕಿವಿಗೆ ಕೂಡಲೇ ಕಂಡಿತ್ತು; ನಮಗೆ 'ಅತೀತ'ದ ಗಾಂಭೀರ್ಯದಲ್ಲಿ ಅದು ಮರೆಯಾಗಿತ್ತು.

ಬಿಡಿಸಿ ನೋಡೋಣ. ನೇರಳೆ ಎಂಬುದು ಅಚ್ಚಗನ್ನಡ, ಅತೀತ ಎಂಬುದು ಅಚ್ಚ ಸಂಸ್ಕೃತ. ಕನ್ನಡದ ಜಾಡಿನಲ್ಲಿ ಹೋದರೆ ಎಕಾರದ ಮುಂದೆ ಅಕಾರ ಬಂದಾಗ ಯಕಾರಾಗಮವಾಗಿ 'ನೇರಳೆಯತೀತ' ಆಗಬೇಕು. ಆದದ್ದು ಹಾಗಲ್ಲ. ಕಾಲಾತೀತ, ಗುಣಾತೀತ, ಶಬ್ದಾತೀತ, ಪಕ್ಷಾತೀತಗಳ ಸಾಲಿನಲ್ಲಿ ನಿಲ್ಲುವ ಆಸೆಗೆ ನಮ್ಮ ನೇರಳೆ ತನ್ನ ಕೊನೆಯ ಎಕಾರವನ್ನು ಕಳಚಿಟ್ಟು, 'ನೇರಳ' ಎಂಬ ಇಲ್ಲದ ಸಂಸ್ಕೃತ ಪದದ ವೇಷ ಹಾಕಿ, ಸವರ್ಣದೀರ್ಘದ ಪಂಕ್ತಿಯಲ್ಲಿ ಊಟಕ್ಕೆ ಕೂತಿದೆ. 'ಜಾತ್ಯತೀತ'ಕ್ಕೆ ಯಣ್ ಸಂಧಿಯ ರಹದಾರಿಯಾದರೂ ಉಂಟು. ನೇರಳಾತೀತಕ್ಕೆ ಯಾವ ರಹದಾರಿಯೂ ಇಲ್ಲ. ಇದು ಸಂಧಿಯ ತಕರಾರಾಯಿತು, ಸಮಾಸದ ತಕರಾರು ಇನ್ನೂ ಹಳೆಯದು. ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಹೀಗೆ ಹೊಸೆಯುವುದನ್ನು ನಮ್ಮ ವೈಯಾಕರಣರು ಅರಿಸಮಾಸ, ಅಂದರೆ ಹಗೆಗಳ ಕೂಟ, ಎಂದೇ ಕರೆದರು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗಕ್ಕೆ ಅಂಥ ಬೆರಕೆ ಕಾಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದ ಹಾಗೆ ಕಂಡಿತು. ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣ ಬರೆದ ಕೇಶಿರಾಜ ಬಿರುದಾವಳಿಗಳಿಗೂ ಹಿಂದಿನವರು ಬಳಸಿ ಒಪ್ಪಿಸಿದ ಕೆಲವು ಪದಗಳಿಗೂ ಮಾತ್ರ ರಿಯಾಯಿತಿ ಕೊಟ್ಟ. ಆಸ್ಪತ್ರೆಯ ಹಲಗೆ ಬಿರುದಾವಳಿಯಲ್ಲವಲ್ಲ.

ಆದರೂ ತಮಾಷೆ ನೋಡಿ. ಬೆಳಕಿನ ಪಟ್ಟಿಯ ಇನ್ನೊಂದು ತುದಿಯಲ್ಲಿ, ಕೆಂಪಿನ ಕೆಳಗಿನ ಕಾಣದ ಕಿರಣಕ್ಕೆ ನಾವು ಇಟ್ಟ ಹೆಸರು 'ಅವಗೆಂಪು'. ಅದೂ ಬೆರಕೆಯೇ, 'ಅವ' ಸಂಸ್ಕೃತ, ಕೆಂಪು ಕನ್ನಡ. ಆದರೆ ಅಲ್ಲಿ ಕಕಾರ ಗಕಾರವಾಗಿದೆ, ಅಂದರೆ ಕನ್ನಡದ ಆದೇಶಸಂಧಿಗೆ ಗೌರವ ಸಂದಿದೆ. ಒಂದೇ ಕಾಮನಬಿಲ್ಲಿನ ಎರಡು ಹೊಸ್ತಿಲು: ಕೆಂಪಿನ ಕಡೆ ಕನ್ನಡದ ಕಾನೂನು, ನೇರಳೆಯ ಕಡೆ ಸಂಸ್ಕೃತದ ಕಾನೂನು. 'ಅತಿನೇರಳೆ' ಎಂದು ಬರೆದು ಈ ಜಗಳ ತಪ್ಪಿಸಿದವರೂ ಇದ್ದಾರೆ. ಆದರೆ ಪಠ್ಯಪುಸ್ತಕದಲ್ಲೂ ಪತ್ರಿಕೆಯಲ್ಲೂ ಬೇರುಬಿಟ್ಟದ್ದು ನೇರಳಾತೀತವೇ. ತಪ್ಪು ಸಂಧಿಯ ಮಗುವಿಗೆ ಆಯುಷ್ಯ ಹೆಚ್ಚು.

ಇನ್ನು ನೇರಳೆಯ ಹುಟ್ಟಿಗೆ ಹೋಗೋಣ. ಹಳಗನ್ನಡದಲ್ಲಿ ನೇರಿಲ್, ಆಮೇಲೆ ನೇರಿಲು, ನೇರಿಲೆ, ನೇರಳು, ನೇರಳೆ. ದುರ್ಗದ ಸೀಮೆಯ ಬಾಯಲ್ಲಿ ಹಣ್ಣಿನೊಂದಿಗೆ ಅಂಟಿಕೊಂಡು ನೇರ್ಲಣ್ಣು. ಹಿರಿಯೂರು ದಾಟಿ ಚಳ್ಳಕೆರೆ, ಮೊಳಕಾಲ್ಮುರಿನ ಕಡೆ ಹೊರಟರೆ ತೆಲುಗು ಮನೆಮಾತಿನ ಊರುಗಳು ಬೆರೆಯುತ್ತವೆ. ಅಲ್ಲಿ ಅದೇ ಹಣ್ಣು ನೇರೇಡು. ತಮಿಳಿಗೆ ದಾಟಿದರೆ ನಾವಲ್, ಅದರ ಹಳೆಯ ರೂಪ ಞಾವಲ್. ಈ 'ಞಾ'ದ ಬಳಿ ನಾವು ಸ್ವಲ್ಪ ನಿಲ್ಲಬೇಕು. ತಮಿಳಿನಲ್ಲಿ ಞಾ ಅಥವಾ ನಾ ಎಂದು ಮೊದಲಾಗುವ ಕೆಲವು ಹಳೆಯ ಪದಗಳಿಗೆ ಕನ್ನಡ ನೇ ಎಂದೇ ಬಾಯಿ ತೆರೆಯುತ್ತದೆ. ಅವರ ಞಾಣ್ ನಮ್ಮ ನೇಣು. ಅವರಲ್ಲಿ ಬಿಲ್ಲಿನ ಹೆದೆಯಾಗಿ ಉಳಿದದ್ದು ನಮ್ಮಲ್ಲಿ ಕೊರಳಿಗೆ ಬಂತು. ಅವರ ಞಾಲ್ ನಮ್ಮ ನೇಲು, ಅದರಿಂದ ನೇತಾಡು. ಅವರ ನಾಂಚಿಲ್ ನಮ್ಮ ನೇಗಿಲು. ಅವರ ಞಾಯಿಱು, ಭಾನುವಾರಕ್ಕೆ ಇವತ್ತಿಗೂ ಅವರು ಇಟ್ಟುಕೊಂಡಿರುವ ಸೂರ್ಯನ ಹೆಸರು, ನಮ್ಮ ನೇಸರು.

ಅಂದರೆ ನೇಸರು, ನೇರಳೆ ಎರಡೂ ಒಂದೇ ಮೂಗಿನ ಅಕ್ಷರದ ಮನೆಯಿಂದ ಹೊರಟು ಒಂದೇ ಬಾಗಿಲಿನಿಂದ ಕನ್ನಡಕ್ಕೆ ಬಂದವು. ಒಂದೇ ಧಾತುವಿನ ಮಕ್ಕಳೆಂದು ಹೇಳುವ ದುಡುಕು ಬೇಡ. ಬೇರು ಬೇರೆ, ದಾರಿ ಒಂದು. 'ನೇರ' ಎಂಬ ಪದವನ್ನು ಎಳೆತಂದು ನೇರಳೆಗೆ ಗಂಟು ಹಾಕುವವರ ಮಾತಿಗೂ ಕಿವಿಗೊಡಬೇಕಿಲ್ಲ. ನೇರಳೆಯ ಮರವನ್ನು ನೋಡಿದವರಾರೂ ಅದರ ಕೊಂಬೆಗೆ ಆ ಹೆಸರು ಇಡಲಾರರು. ಆದರೆ ಸೂರ್ಯನ ಪದವೂ ಈ ಹಣ್ಣಿನ ಪದವೂ ಹೆಗಲಿಗೆ ಹೆಗಲು ತಾಗಿಸಿ ನಡೆದಿದ್ದವೆಂಬುದನ್ನು ಮನಸ್ಸಿನ ಮೂಲೆಯಲ್ಲಿ ಇಟ್ಟುಕೊಂಡಿರೋಣ, ಮುಂದೆ ಬೇಕಾಗುತ್ತದೆ.

ಸಂಸ್ಕೃತ ಇದೇ ಮರವನ್ನು ಜಂಬೂ ಎಂದಿತು, ಆ ಜಂಬೂ ಉತ್ತರದಲ್ಲಿ ಜಾಮುನ್, ಮರಾಠಿಯಲ್ಲಿ ಜಾಂಭೂಳ. ಇಡೀ ಭೂಭಾಗವನ್ನೇ ಒಂದು ಹಣ್ಣಿನ ಮರದ ಹೆಸರಿನಿಂದ ಜಂಬೂದ್ವೀಪವೆಂದು ಕರೆದ ಆ ಧಾರಾಳ ದೊಡ್ಡದು. ಪುರೋಹಿತರ ಸಂಕಲ್ಪದಲ್ಲಿ ದಿನವೂ ಆ ನೇರಳೆನಾಡಿನ ವಿಳಾಸ ಕೇಳುತ್ತೇವೆ. ಆದರೆ ಈ ಪದ ನಮ್ಮ ಜಿಲ್ಲೆಗೆ ಬರಲು ಪುರೋಹಿತರನ್ನು ಕಾಯಲಿಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ 1892ರಲ್ಲಿ ಕಂಡುಹಿಡಿದ ಅಶೋಕನ ಶಾಸನದ ಪ್ರಾಕೃತದೊಳಗೆ ಜಂಬುದೀಪದ ಹೆಸರು ಕೊರೆದಿದೆ. ಅದೇ ಬಂಡೆಯ ಆರಂಭದಲ್ಲಿ ಬರುವ ಊರಹೆಸರು 'ಇಸಿಲ'. ಬಾಣ ಎಸೆಯುವ ಅರ್ಥದ ಕನ್ನಡ 'ಇಸು'ವಿನ ಬಳಗಕ್ಕೆ ಅದನ್ನು ಸೇರಿಸಿ, ಬರಹದಲ್ಲಿ ಸಿಕ್ಕ ಕನ್ನಡದ ಮೊದಲ ಪದಗಳಲ್ಲೊಂದೆಂದು ವಿದ್ವಾಂಸ ಡಿ.ಎಲ್. ನರಸಿಂಹಾಚಾರ್ ಎತ್ತಿ ತೋರಿಸಿದರು. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ, ಒಂದೇ ಕಲ್ಲಿನ ಮೇಲೆ, ಒಂದು ಬಾಣದ ಪದ, ಒಂದು ನೇರಳೆಯ ಪದ.

ಮುಂದೆ ಸಂಸ್ಕೃತದ ಹೆಸರೂ ನಮ್ಮ ಹೆಸರೂ ಪರಿಚಯವಾಗಿ, ಗೇಟುಬಾಗಿಲು ಎಂದಂತೆ, 'ಜಂಬುನೇರಳೆ' ಎಂಬ ಇಮ್ಮಡಿ ಪದ ಹುಟ್ಟಿತು. ಸಣ್ಣ ಕಾಯಿಯದು ನಾಯಿನೇರಳೆ, ಘಮಘಮಿಸುವುದು ಪನ್ನೇರಳೆ. ಕುಲವೇ ಬೇರೆಯಾದರೂ ಬೆರಳಿಗೂ ತುಟಿಗೂ ಅದೇ ಬಣ್ಣ ಹಚ್ಚುತ್ತದೆಂಬ ಒಂದೇ ಕಾರಣಕ್ಕೆ ರೇಷ್ಮೆಹುಳದ ಸೊಪ್ಪಿನ ಗಿಡ ಹಿಪ್ಪುನೇರಳೆ. ಮರ ನೀರಲ್ಲಿ ಬೇಗ ಕೊಳೆಯದೆಂದು ಬಾವಿಯ ಕಟ್ಟಣೆಗೆ ಬಳಸುತ್ತಿದ್ದರು. ಚಳ್ಳಕೆರೆ ತಾಲ್ಲೂಕಿನ ನೇರಲಗುಂಟೆಯ ಹೆಸರಿನಲ್ಲಿ ಗುಂಟೆಯ ನೀರೂ ನೇರಳೆಯ ನೆರಳೂ ಒಟ್ಟಿಗಿವೆ. ಮಳೆ ಕಡಿಮೆಯ ಸೀಮೆಯಲ್ಲಿ ನೇರಳೆಯ ಮರವೆಂದರೆ ಅಲ್ಲೆಲ್ಲೋ ನೀರಿದೆ ಎಂಬ ಸುದ್ದಿ.

ಇಷ್ಟೆಲ್ಲ ಕಾಲ ನೇರಳೆ ಎಂದರೆ ಮರ, ಹಣ್ಣು. ಬಣ್ಣವಾಗಿ ತನ್ನ ಕಾಲ ಮೇಲೆ ನಿಂತದ್ದು ಈಚೆಗೆ. ಕನ್ನಡದ ಹಳೆಯ ಬಣ್ಣಗಳೆಂದರೆ ಬೆಳ್, ಕರ್, ಕೆಮ್, ಪಸುರ್. ನೀಲವನ್ನು ಸಂಸ್ಕೃತದಿಂದ ತಂದುಕೊಂಡೆವು. ಶಾಲೆಯಲ್ಲಿ ಏಳು ಬಣ್ಣಗಳನ್ನು ಸಾಲಾಗಿ ಒಪ್ಪಿಸುವ ಕಾಲ ಬಂದಾಗ ಗಾಜಿನ ಪಟ್ಟಕದ ಒಂದು ಅಂಚಿಗೆ ಹೆಸರು ಬೇಕಾಯಿತು. ಇಂಗ್ಲಿಷಿನವರು ಅಲ್ಲಿ ಒಂದು ಹೂವಿನ ಹೆಸರಿಟ್ಟಿದ್ದರು, ನಾವು ಕೈಗೆ ಸಿಕ್ಕ ಹಣ್ಣನ್ನು ಇಟ್ಟೆವು. ನೇರಳೆ, ಊದಾ, ನೀಲಿ, ಹಸಿರು, ಹಳದಿ, ಕಿತ್ತಳೆ, ಕೆಂಪು: ಈ ಪಟ್ಟಿಯಲ್ಲಿ ಎರಡು ಹಣ್ಣು, ಅರಿಸಿನದ ಒಂದು ಬೇರು, ಹಸಿಯಾದದ್ದೆಂಬ ಒಂದು ಅನುಭವ, ಹಿಂದುಸ್ತಾನಿಯಿಂದ ಬಂದ ಒಂದು ಊದಾ. ನಮ್ಮ ಕಾಮನಬಿಲ್ಲು ಅರ್ಧಕ್ಕರ್ಧ ಸಂತೆಯ ಬುಟ್ಟಿ.

ಆ ಅಂಚಿನಾಚೆಗೆ ಹೋದಾಗ ನೆರೆಹೊರೆಯವರು ಯಾರು ಯಾರನ್ನು ಜೊತೆಗೆ ಕರೆದೊಯ್ದರೆಂಬುದು ಇನ್ನೂ ಸೊಗಸು. ಹಿಂದಿ 'ಪರಾಬೈಂಗನೀ' ಎಂದಿತು, ಅದರೊಳಗೆ ಬದನೆಕಾಯಿ. ತಮಿಳು 'ಪುಱ ಊದಾ' ಎಂದಿತು, ಊದಾದ ಹೊರಗಿನದು. ಮರಾಠಿ 'ಅತಿನೀಲ'ಕ್ಕೆ ಒಪ್ಪಿತು, ತೆಲುಗು 'ಅತಿನೀಲಲೋಹಿತ' ಎಂದು ನೀಲಿಗೆ ಕೆಂಪನ್ನೂ ಸೇರಿಸಿ ತೂಕ ಹೆಚ್ಚಿಸಿಕೊಂಡಿತು. ನಮ್ಮ ಹಣ್ಣನ್ನೇ ಆರಿಸಿಕೊಂಡದ್ದು ದೂರದ ಗುಜರಾತಿ: ಅಲ್ಲಿ 'ಪಾರಜಾಂಬಲೀ', ಜಂಬೂವಿನ ಪಾರ, ಅಂದರೆ ಅಕ್ಷರಶಃ ನಮ್ಮ ನೇರಳಾತೀತ. ನಡುವೆ ಮರಾಠಿಯಷ್ಟು ದೊಡ್ಡ ಸೀಮೆಯಿದ್ದರೂ ಎರಡು ಭಾಷೆಗಳು ಒಂದೇ ಮರದ ಕೆಳಗೆ ಬಂದು ನಿಂತಿವೆ.

ಆ ಆಚೆಯನ್ನು ಮೊದಲು ಕಂಡವರು, ಅಥವಾ ಕಾಣದೆಯೇ ಅರಿತವರು, ಜರ್ಮನಿಯ ಯೇನಾದಲ್ಲಿದ್ದ ಯೋಹಾನ್ ವಿಲ್ಹೆಲ್ಮ್ ರಿಟ್ಟರ್. 1800ರಲ್ಲಿ ಖಗೋಳವಿಜ್ಞಾನಿ ಹರ್ಷೆಲ್ ಕೆಂಪಿನ ಆಚೆ ಉಷ್ಣಮಾಪಕವಿಟ್ಟು ಕಾಣದ ಬಿಸಿಯನ್ನು ಹಿಡಿದಿದ್ದರು. ಮರುವರ್ಷ ರಿಟ್ಟರ್ ಪಟ್ಟಿಯ ಇನ್ನೊಂದು ಕೊನೆಗೆ ಹೋಗಿ, ಬೆಳಕಿಗೆ ಕಪ್ಪಾಗುವ ಬೆಳ್ಳಿಯ ಕ್ಲೋರೈಡನ್ನು ನೇರಳೆಯ ಹೊರಗೆ, ಏನೂ ಕಾಣದ ಕತ್ತಲಲ್ಲಿ ಇಟ್ಟರು. ನೇರಳೆ ಬೆಳಕಲ್ಲಿಟ್ಟದ್ದಕ್ಕಿಂತ ಅದು ಬೇಗ ಕಪ್ಪಾಯಿತು. ಬಿಳಿಯದನ್ನು ಕಪ್ಪಾಗಿಸುವುದು: ಈ ಕಿರಣದ ಗುಣ ತಿಳಿದದ್ದೇ ಹಾಗೆ, ಹುಟ್ಟಿನ ದಿನವೇ. ನಮ್ಮ 'ಅತೀತ'ವಾದರೋ ದಾರ್ಶನಿಕರ ಪದ. ದಾಟಿಹೋದದ್ದು, ಗುಣಗಳಿಗೆ ಸಿಗದ್ದು, ಮಾತಿಗೆ ನಿಲುಕದ್ದು. ಇಂದ್ರಿಯಾತೀತವಾದದ್ದಕ್ಕೆ ಹೆಸರಿಡುವಾಗ ಜಿಹ್ವೆಗೆ ಅಂಟುವ ಹಣ್ಣನ್ನು ಮುಂದಿಟ್ಟುಕೊಂಡ ಈ ಪದದಲ್ಲಿ ತತ್ತ್ವಶಾಸ್ತ್ರವೂ ನಾಲಿಗೆಯ ಕಲೆಯೂ ಒಂದೇ ಉಸಿರಿನಲ್ಲಿವೆ.

ಈಗ ಕಲೆಯ ಮಾತಿಗೆ ಬರಬೇಕು. ನೇರಳೆ ಹಚ್ಚುವ ಕಲೆ ಎರಡು ದಿನಕ್ಕೆ ಹೋಗುತ್ತದೆ. ಆ ಹುಡುಗನ ಕಣ್ಣಿನ ಕೆಳಗಿನದು ಬಣ್ಣ ಬಂದ ಕಲೆಯಲ್ಲ, ಬಣ್ಣ ಹೋದ ಕಲೆ. ಚರ್ಮದ ಬಾಧೆಗಳಿಗೆ ನಮ್ಮಲ್ಲಿ ಪದದ ಬಡತನವಿಲ್ಲ: ಕಜ್ಜಿ, ತುರಿ, ಇಸಬು, ಚಿಬ್ಬು, ಗಜಕರ್ಣ, ಹುಳುಕಡ್ಡಿ, ಒಂದೊಂದರಲ್ಲೂ ಒಂದೊಂದು ನೋಟ. ಬೆಳ್ಳಿಹೊಟ್ಟು ಉದುರುವ ಸೋರಿಯಾಸಿಸ್ಸಿಗೆ ಮಾತ್ರ ಗ್ರೀಕಿನ ತುರಿಕೆಯ ಪದವನ್ನೇ ಹಾಗೇ ಇಟ್ಟುಕೊಂಡಿದ್ದೇವೆ. ಬಣ್ಣ ಹೋಗುವುದಕ್ಕೆ ಸಂಸ್ಕೃತದಲ್ಲಿ ಶ್ವಿತ್ರ, ಕಿಲಾಸ. ಶ್ವಿತ್ರವೂ ಶ್ವೇತವೂ ಒಂದೇ ಬಿಳುಪಿನ ಧಾತುವಿನವು, ಅದರಲ್ಲಿ ಬೈಗುಳವಿಲ್ಲ. ಅಥರ್ವವೇದದಲ್ಲಿ ಕಿಲಾಸಕ್ಕೆಂದೇ ಇರುವ ಸೂಕ್ತಗಳಲ್ಲಿ ರಾತ್ರಿಯಲ್ಲಿ ಹುಟ್ಟಿದ ಕಪ್ಪು ಮೂಲಿಕೆಯನ್ನು ಕರೆದು, ನಿನ್ನ ಬಣ್ಣ ಇವನಿಗೆ ಹಚ್ಚು ಎಂಬ ಅರ್ಥದ ಮೊರೆಯಿದೆ. ಅದು ಬಣ್ಣಗಾರನ ಅಂಗಡಿಗೆ ಬಟ್ಟೆ ಕೊಟ್ಟ ಹಾಗೆ, ಸರಳವಾದ ಕೋರಿಕೆ. ಆಮೇಲೆ ಆಯುರ್ವೇದ ಇದನ್ನು ಕುಷ್ಠಗಳ ಅಧ್ಯಾಯದಲ್ಲಿಟ್ಟಿತು, 'ಶ್ವೇತಕುಷ್ಠ' ಎಂಬ ಪದ ನೆಲೆನಿಂತಿತು; ಅಲ್ಲಿಂದ ಶುರುವಾದದ್ದು ಪದದ ಕೇಡು. ಕುಷ್ಠಕ್ಕೂ ಇದಕ್ಕೂ ಸಂಬಂಧವಿಲ್ಲ, ಇದು ಮುಟ್ಟಿದರೆ ಅಂಟುವುದಲ್ಲ, ಮೈಯ ಬಣ್ಣದ ಕಣಗಳನ್ನು ಮೈಯೇ ಹಗೆಯೆಂದು ಬಗೆದು ಅಳಿಸುವುದು, ಒಂದು ಬಗೆಯ ಅರಿಸಮಾಸವೇ. ಆದರೆ ಕನ್ನಡದ 'ತೊನ್ನು' ರೋಗದ ಹೆಸರಾಗಿ ಉಳಿಯದೆ ಬೈಗುಳವಾಯಿತು, ಜಾತಕದ ಜೊತೆಗೆ ಪಿಸುಗುಟ್ಟುವ ಗುಟ್ಟಾಯಿತು. ಆ ಹೊರಕೋಣೆಯಲ್ಲಿ ಕೂತಷ್ಟು ಹೊತ್ತೂ ಆ ಪದವನ್ನು ಯಾರೂ ಆಡಲಿಲ್ಲ. "ಬಿಳಿ ಆಗೈತೆ" ಅಂದರು, "ಮಚ್ಚೆ" ಅಂದರು, ಒಬ್ಬ ತಾಯಿ ಬರೀ "ಅದು" ಅಂದರು.

ಇಲ್ಲೇ ನನಗೆ ಊರಿನ ಹೆಸರು ನೆನಪಾಯಿತು. ಚಿತ್ರದುರ್ಗ, ಚಿತ್ತಲದುರ್ಗ, ಚಿತ್ರಕಲ್ದುರ್ಗ, ಇಂಗ್ಲಿಷರ ಬಾಯಲ್ಲಿ ಚಿತ್ತಲ್‌ಡ್ರೂಗ್. 'ಚಿತ್ರ' ಎಂದರೆ ನಾವೀಗ ಬರೆದ ಚಿತ್ರವನ್ನೇ ತಿಳಿಯುತ್ತೇವೆ. ಆದರೆ ಅದರ ಹಳೆಯ ಅರ್ಥಗಳಲ್ಲಿ ಬಣ್ಣಬಣ್ಣದ್ದು, ಮಚ್ಚೆಮಚ್ಚೆಯದು ಎಂಬುದೂ ಉಂಟು. ಚುಕ್ಕೆಜಿಂಕೆಗೆ ಉತ್ತರದವರು ಕೊಟ್ಟ 'ಚೀತಲ್' ಆ ಮನೆಯದೇ. ಕಲ್ಲು ಮಚ್ಚೆಯಾದರೆ ಚಿತ್ರ, ಜಿಂಕೆ ಮಚ್ಚೆಯಾದರೆ ಚಿತ್ತಲ, ಮನುಷ್ಯನ ಮೈ ಮಚ್ಚೆಯಾದರೆ ಮಾತ್ರ ಬಾಯಿಗೆ ಬೈಗುಳ ಬಂದದ್ದು ಪದದ ದೋಷವಲ್ಲ. ಜೂನ್ 25ನ್ನು ಜಗತ್ತು ಈ ಬಿಳುಪಿನವರ ದಿನವೆಂದು ಆಚರಿಸುತ್ತದೆ. ನಮ್ಮಲ್ಲಿ ಅದು ನೇರಳೆಹಣ್ಣಿನ ಕಾಲ, ಊರಿಗೆ ಊರೇ ನಾಲಿಗೆಗೆ ಮಚ್ಚೆ ಮಾಡಿಕೊಂಡು ತಿರುಗುವ ದಿನಗಳು.

ಈ ಬಿಳುಪಿಗೆ ಬೆಳಕು ಮದ್ದು ಎಂಬುದು ಹೊಸ ಮಾತಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದ ಏಳನೆಯ ಅಧ್ಯಾಯದಲ್ಲಿ ಶ್ವಿತ್ರದವನಿಗೆ ಮಲಪೂ ಎಂಬ ಕಾಡುಅತ್ತಿಯ ರಸವನ್ನು ಬೆಲ್ಲದೊಂದಿಗೆ ಕುಡಿಸಿ, ತಾಳುವಷ್ಟು ಸೂರ್ಯಪಾದಸಂತಾಪಕ್ಕೆ ಮೈಯೊಡ್ಡಿಸುವ ವಿಧಿಯಿದೆ. ಪಾದವೆಂದರೆ ಕಾಲೂ ಹೌದು, ಕಿರಣವೂ ಹೌದು. ಸೂರ್ಯ ತನ್ನ ಕಿರಣಗಳಿಂದ ನಡೆದು ಬಂದು ಮೈಮೇಲೆ ಕಾಲಿಡುತ್ತಾನೆ. ಕನ್ನಡದ ಕದಿರು ಇನ್ನೂ ಚೆಲುವು: ಸೂರ್ಯನ ಕಿರಣವೂ ಕದಿರು, ನೂಲು ಸುತ್ತುವ ಮೊನೆಯ ಕಡ್ಡಿಯೂ ಕದಿರು, ಬಿಸಿಯಾದ ಕದಿರಿನವನೆಂದು ಹಳಗನ್ನಡದಲ್ಲಿ ಸೂರ್ಯ ಬಿಸುಗದಿರ. ಮಾಡಿನ ಸಂದಿಯ ಬೆಳಕಿಗೆ ಬಿಸಿಲುಕೋಲು ಎನ್ನುತ್ತೇವಲ್ಲ, ಆ ಕೋಲು ಹಳಗನ್ನಡದಲ್ಲಿ ಬಾಣ. ಬ್ರಹ್ಮಗಿರಿಯ ಬಂಡೆಯಲ್ಲಿ ನೇರಳೆಯ ಜೊತೆಗಿದ್ದ ಬಾಣ ಇಲ್ಲೂ ಬಂತು ನೋಡಿ.

ನಾಟಿವೈದ್ಯರು ಶ್ವಿತ್ರಕ್ಕೆ ಹಿಡಿದ ಇನ್ನೊಂದು ದಾರಿ ಬಾವಂಚಿ ಬೀಜ, ಸಂಸ್ಕೃತದ ಬಾಕುಚಿ, ಅವಲ್ಗುಜ, ಸೋಮರಾಜಿ. ಅರೆದು ಹಚ್ಚಿ ಬಿಸಿಲಿಗೆ ಕೂರಿಸುವುದು. ಆ ಬೀಜದೊಳಗಿನ ಸೋರಲೆನ್ ಎಂಬ ಸಾರವನ್ನು 1933ರಲ್ಲಿ ಬೇರ್ಪಡಿಸಿ ತೋರಿಸಿದವರು ಜೋಯಿಸ್, ಮಂಜುನಾಥ್, ವೆಂಕಟರಾವ್ ಎಂಬ ಮೂವರು ರಸಾಯನಶಾಸ್ತ್ರಜ್ಞರು. ಗಿಡದ ಎಲೆಯ ಮೇಲಿನ ಹುರುಕಿನಂಥ ಚುಕ್ಕೆಗಳನ್ನು ಕಂಡು ಯುರೋಪಿನವರು ಅದರ ಕುಲಕ್ಕೆ ಸೋರಾಲಿಯ ಎಂದಿದ್ದರು. ಸೋರಿಯಾಸಿಸ್ಸಿನ ಗ್ರೀಕ್ ಅಜ್ಜಿಯೇ ಇದಕ್ಕೂ ಅಜ್ಜಿ. ಹೀಗೆ ರೋಗಕ್ಕೂ ಮದ್ದಿಗೂ ಒಂದೇ ತುರಿಕೆಯ ಹೆಸರು. ಈಜಿಪ್ಟಿನ ಎಲ್ ಮೊಫ್ತಿ 1948ರಲ್ಲಿ ನೈಲ್ ತೀರದ ಇನ್ನೊಂದು ಗಿಡದಿಂದ ತೆಗೆದ ಅದೇ ಬಳಗದ ಸಾರದಿಂದ ಬಿಳುಪಿಗೆ ಚಿಕಿತ್ಸೆ ಮಾಡಿದರು. 1974ರಲ್ಲಿ ಅಮೆರಿಕದಲ್ಲಿ ಆ ಸಾರದ ಗುಳಿಗೆಗೆ ದೀಪದ ಬೆಳಕನ್ನು ಜೋಡಿಸಿ ಸೋರಿಯಾಸಿಸ್ಸಿಗೆ ಕೊಟ್ಟರು, ಹೆಸರು 'ಪೂವಾ'. ದೀಪದ ಬದಲು ನೇಸರನನ್ನೇ ಬಳಸಿದರೆ 'ಪೂವಾಸೋಲ್', ಬಿಸಿಲಿಗೆ ಬಡತನವಿಲ್ಲದ ನಮ್ಮ ದೇಶದಲ್ಲಿ ಅದು ಬಹಳ ಕಾಲ ನಡೆಯಿತು. ನಿಮಿಷ ಹೆಚ್ಚಾದರೆ ಬೊಬ್ಬೆ ಏಳುತ್ತಿತ್ತು. ಬಾವಂಚಿ ಎಣ್ಣೆಯನ್ನು ತಾವೇ ಹಚ್ಚಿಕೊಂಡು ಬಿಸಿಲಿಗೆ ಕೂತು ಸುಟ್ಟುಕೊಂಡವರು ಈಗಲೂ ವೈದ್ಯರ ಬಾಗಿಲಿಗೆ ಬರುತ್ತಾರೆ. ಗುಳಿಗೆಯಿಲ್ಲದೆ ಬರೀ ಬೆಳಕನ್ನು ನೆಚ್ಚಿದವರ ದಾರಿ ಬೇರೆ: ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್ ಚರ್ಮದ ಕ್ಷಯಕ್ಕೆ ಕೂಡಿಸಿದ ಬೆಳಕನ್ನು ಬಿಟ್ಟು 1903ರ ನೊಬೆಲ್ ಪಡೆದರು, ಅದರ ಹಿಂದೆಯೇ ಕಾಣದ ಪಟ್ಟಿಯನ್ನು ಸೀಳುತ್ತ ಸೀಳುತ್ತ ಬಂದವರು ಕೊನೆಗೆ 311 ನ್ಯಾನೊಮೀಟರಿನ ಆಸುಪಾಸಿನ ಒಂದು ಕಿರಿದಾದ ಗೆರೆಗೆ ಬಂದು ನಿಂತರು, 1997ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವೈದ್ಯರು ಅದನ್ನು ಬಿಳುಪಿಗೆ ಬಳಸಿದರು. ಕಣ್ಣಿಗೆ ಕಾಣುವ ನೇರಳೆ 400ರ ಹತ್ತಿರ ಮುಗಿಯುತ್ತದೆ. ಉಳಿದದ್ದೆಲ್ಲ ಅತೀತ.

ಹುಡುಗನ ಸರದಿ ಬಂತು. ಬಾಗಿಲು ಅರೆ ತೆರೆದಿದ್ದಾಗ ಕಂಡದ್ದು: ಟೆಲಿಫೋನ್ ಬೂತಿನಷ್ಟು ಅಗಲದ ಪೆಟ್ಟಿಗೆ, ಒಳಗೋಡೆಗೆ ನಿಲ್ಲಿಸಿದ ಉದ್ದನೆಯ ದೀಪದ ಕೊಳವೆಗಳು, ಕಣ್ಣಿಗೆ ಕಪ್ಪು ಕನ್ನಡಕ, ಮುಚ್ಚಬೇಕಾದಲ್ಲಿ ಬಟ್ಟೆ. ಕಾಂಪೌಂಡರ್ ಒಂದು ಹಳದಿ ಕಾರ್ಡಿನಲ್ಲಿ ಹಿಂದಿನ ಸಲದ ಅಂಕಿ ನೋಡಿ, ಸ್ವಲ್ಪ ಏರಿಸಿ, ಗುಂಡಿ ಒತ್ತಿದ. ವಾರಕ್ಕೆ ಎರಡು ಮೂರು ಸಲ, ನಡುವೆ ಒಂದು ದಿನ ಬಿಟ್ಟು, ತಿಂಗಳುಗಟ್ಟಲೆ. ಮೈ ನಸುಗೆಂಪಾಗಿ ಮರುದಿನಕ್ಕೆ ಇಳಿದರೆ ಸರಿ, ಇಳಿಯದಿದ್ದರೆ ಪ್ರಮಾಣ ತಗ್ಗಿಸಬೇಕು. ಬಾಗಿಲ ಸಂದಿಯಿಂದ ತೆಳುವಾದ ನೀಲಿ ಬೆಳಕು ಹೊರಬಂದು ಗೋಡೆಗೆ ಬಿತ್ತು. ಕಾಣುವ ಆ ನೀಲಿ ಮದ್ದಲ್ಲ. ಅದರ ಜೊತೆಗಿರುವ ಕಾಣದ್ದು ಮದ್ದು. ಎರಡು ನಿಮಿಷವೂ ಆಗಿರಲಿಲ್ಲ, ಹುಡುಗ ಅಂಗಿ ಹಾಕಿಕೊಳ್ಳುತ್ತ ಬಂದ. ಅಜ್ಜಿ ಅವನ ಮೊಣಕೈಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನನಗೂ ತೋರಿಸಿದರು. ಬಿಳಿಯ ನಡುವೆ ಒಂದೊಂದು ರೋಮದ ಬುಡದಲ್ಲೂ ಒಂದೊಂದು ಕಂದು ಚುಕ್ಕಿ. ಮೊರದಲ್ಲಿ ಹರಡಿದ ಅಕ್ಕಿಹಿಟ್ಟಿನ ಮೇಲೆ ರಾಗಿಕಾಳು ಸಿಡಿದ ಹಾಗೆ. ಬಣ್ಣದ ಕಣಗಳು ರೋಮದ ಬೇರಿನಲ್ಲಿ ಬಚ್ಚಿಟ್ಟುಕೊಂಡಿರುತ್ತವಂತೆ, ಬೆಳಕು ಕರೆದಾಗ ಅಲ್ಲಿಂದಲೇ ಹೊರಬರುತ್ತವೆ. ಅದಕ್ಕೇ ರೋಮವಿಲ್ಲದ ಬೆರಳ ತುದಿಗೂ ತುಟಿಗೂ ಬಣ್ಣ ಮರಳುವುದು ಕಷ್ಟ. ತೊಗಲುಗೊಂಬೆಯಾಟದಲ್ಲಿ ಬಣ್ಣ ಮೊದಲು, ಬೆಳಕು ಆಮೇಲೆ. ಇಲ್ಲಿ ಬೆಳಕು ಮೊದಲು.

"ಬಿಸಿ ಆತೇನೋ?" ಎಂದು ಅಜ್ಜಿ ಕೇಳಿದರು. "ಇಲ್ಲಜ್ಜಿ, ಬಿಸಿಲಿದ್ದಂಗಿಲ್ಲ." ಆ ಉತ್ತರದಲ್ಲೂ ಒಂದು ಪದಚರಿತ್ರೆ. ಬಿಸಿಲು ಎಂಬುದೇ ಬಿಸಿಯ ಮಗ, ತಮಿಳಿನ ವೆಯಿಲ್‌ಗೆ ಅಣ್ಣತಮ್ಮ. ಬಿಸುಪು, ಬೇಗೆ, ಬೇಸಗೆ, ಬೇಯು ಎಲ್ಲ ಒಂದೇ ಒಲೆಯ ಸುತ್ತ ಕೂತವು. ಹಿರಿಯೂರಿನ ಏಪ್ರಿಲ್ಲಿಗೆ ಈ ಬಳಗವೆಲ್ಲ ಒಟ್ಟಿಗೆ ಬರುತ್ತದೆ, ಹೊಳಲ್ಕೆರೆಯ ಬಯಲು ಗಣಪತಿಗೆ ಕೇಳಿದರೆ ಗೊತ್ತಾದೀತು. ನೇಸರಿನಿಂದ ಬರುವ ಬೆಳಕಿಗೆ ನಾವು ಕಾವನ್ನು ಹಿಡಿದು ಹೆಸರಿಟ್ಟೆವು, ಬಣ್ಣ ಕೊಡುವ ಭಾಗಕ್ಕೋ ಕಾವೂ ಇಲ್ಲ, ಕಾಣುವುದೂ ಇಲ್ಲ. ಅದು ಬಿಸಿಲಿನೊಳಗೇ ಇದ್ದು ಬಿಸಿಲೆಂಬ ಪದದ ಹೊರಗೆ ಉಳಿಯಿತು. ಆ ತುಣುಕಿಗೆ ಹೆಸರು ಕೊಡಲು ಕೊನೆಗೆ ಒದಗಿದ್ದು, ಒಂದು ಕಾಲಕ್ಕೆ ನೇಸರಿನ ಜೊತೆಯಲ್ಲೇ ನಡೆದು ಬಂದಿದ್ದ ನೇರಳೆ.

ಅಜ್ಜಿಯ ಪ್ರಶ್ನೆಗೆ ಇದೆಲ್ಲವನ್ನೂ ಹೇಳಲು ಹೊರಟರೆ ಅವರ ಬಸ್ಸು ತಪ್ಪುತ್ತಿತ್ತು. "ನೇರಳೆ ಬಣ್ಣದ ಪಕ್ಕದಲ್ಲೇ ಇರೋ ಬೆಳಕಜ್ಜಿ, ಕಣ್ಣಿಗೆ ಕಾಣಲ್ಲ, ಮೈಗೆ ಮಾತ್ರ ಹತ್ತುತ್ತೆ" ಅಂದೆ. ಅವರು ತಲೆಯಾಡಿಸಿ, ಹುಡುಗನ ಕೈಹಿಡಿದು ಮೆಟ್ಟಿಲಿಳಿದರು. ಕೆಳಗೆ ಯಾರೋ ಅವರ ಊರಿನವರೇ ಸಿಕ್ಕಿರಬೇಕು, ಎಲ್ಲಿಗೆ ಬಂದದ್ದೆಂದು ವಿಚಾರಿಸಿದರು. ಆ ಸೀಮೆಯ ಮಂದಿ ಇದಕ್ಕೆ ಸಾಮಾನ್ಯವಾಗಿ ಬರೀ 'ಲೈಟು' ಅನ್ನುತ್ತಾರೆ, ಕೆಲವರು 'ಕರೆಂಟು' ಅನ್ನುತ್ತಾರೆ. ಅಜ್ಜಿಯ ದನಿ ಮೇಲಿನವರೆಗೂ ಕೇಳಿತು:

"ಇವ್ನಿಗೆ ನೇರ್ಲೆ ಲೈಟ್ ಹಿಡಿಸ್ಕಂಡ್ ಹೋಗಾಣ ಅಂತ ಬಂದಿದ್ವಿ. ಬಣ್ಣ ಹಿಡೀತಾ ಐತೆ."

ಎಕಾರ ತನ್ನ ಜಾಗದಲ್ಲೇ ಇತ್ತು. ಬಿಸಿಲಿಗೂ ಬಟ್ಟೆಯ ಬಣ್ಣಕ್ಕೂ ಕನ್ನಡ ಬಳಸುವ ಅದೇ 'ಹಿಡಿ'. ಅತೀತವೊಂದು ಕಳಚಿ ಬಿದ್ದಿತ್ತು, ಯಾರಿಗೂ ಅದರ ಕೊರತೆ ಕಾಣಲಿಲ್ಲ.